ಕತ್ತರಿಸಿದ ಮೂರು ನಿಮಿಷಕ್ಕಾಗಿ ಹೊಸಬಾಳೆಗೆ

ಏಳೂಕಾಲಿನ ಬಸ್ಸು ಶಿವಮೊಗ್ಗ ಬಿಟ್ಟಾಗ ಏಳೂವರೆ. ಸರ್ಕಾರಿ ಬಸ್ಸಾದ್ದರಿಂದ ಕಂಡಕ್ಟರು ನನ್ನ ಆಧಾರ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟರು. ತೊಡೆಯ ಮೇಲೆ ಒಂದು ಚೀಲ, ಚೀಲದಲ್ಲಿ ಲ್ಯಾಪ್‌ಟಾಪು, ಪುಟ್ಟ ಸ್ಪೀಕರು ಮತ್ತು ಹಳೆಯ ಟೇಪ್ ರೆಕಾರ್ಡರು. ನವೆಂಬರಿನ ಚಳಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಶಿಕಾರಿಪುರಕ್ಕೆ ಐವತ್ತು ಕಿಲೋಮೀಟರಿಗೆ ತುಸು ಹೆಚ್ಚು.

ಹೊರಟ ಕಾರಣ ಹೇಳಿಬಿಡುತ್ತೇನೆ. ನಾವು ನಾಲ್ಕು ಜನ ಗೆಳತಿಯರು ಸೇರಿ ಈ ಭಾಗದ ಚಳವಳಿಗಳ ಧ್ವನಿಮುದ್ರಣಗಳನ್ನು ಕೂಡಿಹಾಕುತ್ತಿದ್ದೇವೆ. ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವುದು, ಅಸಲನ್ನು ಕೊಟ್ಟವರಿಗೇ ಹಿಂದಿರುಗಿಸುವುದು, ಭಾಷಣಕಾರರ ಹೆಸರು ಟೈಪ್ ಮಾಡಿದರೆ ದನಿ ಸಿಗುವಂತೆ ಪಟ್ಟಿ ಮಾಡುವುದು, ಇಷ್ಟೇ ಕೆಲಸ. ಪಟ್ಟಿಯ ಹೊಣೆ ನನ್ನದು, ಆ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಎರಡು ವಾರದ ಹಿಂದೆ ಸೊರಬ ತಾಲ್ಲೂಕಿನ ಹೊಸಬಾಳೆಯಿಂದ ರತ್ನಮ್ಮ ಎನ್ನುವವರು ಫೋನ್ ಮಾಡಿದರು.

"ನಮ್ಮವ್ವ ಗುತ್ಯಮ್ಮ ಅಂತ. ಬಗರ್‌ಹುಕುಂ ಹೋರಾಟದಾಗೆ ಎಲ್ಲಾ ಸಭೆಗೂ ಹೋಗ್ತಿದ್ಲಂತೆ. ನಂಗೆ ಐದು ವರ್ಷ ಆಗ್ತಿದ್ದಂಗೆ ಜ್ವರ ಬಂದು ತೀರ್ಕೊಂಡ್ಲು. ದನಿ ಹೆಂಗಿತ್ತು ಅಂತ್ಲೇ ಗೊತ್ತಿಲ್ಲ. ನಿಮ್ಮ ಹತ್ರ ಐತಾ, ನೋಡ್ತೀರಾ ಮೇಡಂ?"

ಸರ್ಕಾರಿ ಜಮೀನು ಉಳುತ್ತಿದ್ದವರಿಗೆ ಸಾಗುವಳಿ ಚೀಟಿ ಕೊಡಿ ಎಂದು ಇಲ್ಲೆಲ್ಲ ಸಭೆಗಳಾಗಿದ್ದ ಕಾಲದ ಹನ್ನೊಂದು ಕ್ಯಾಸೆಟ್ಟುಗಳು ನಮ್ಮಲ್ಲಿಗೆ ಬಂದಿದ್ದವು. 'ಗುತ್ಯಮ್ಮ' ಎಂದು ಹುಡುಕಿದೆ. ಒಂದೂ ಸಿಗಲಿಲ್ಲ. ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಆ ಕ್ಯಾಸೆಟ್ಟುಗಳನ್ನು ಮುದ್ರಿಸಿದ ಶಿಕಾರಿಪುರದ ಇಬ್ರಾಹಿಂ ಸಾಹೇಬರನ್ನೇ ಕೇಳಿ, ಹಾಗೆಯೇ ಹೊಸಬಾಳೆಗೂ ಹೋಗಿ ಬರೋಣವೆಂದು ಹೊರಟಿದ್ದೆ.

ಶಿಕಾರಿಪುರದಲ್ಲಿಳಿದಾಗ ಒಂಬತ್ತು ದಾಟಿತ್ತು. ನಿಲ್ದಾಣದ ಎದುರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆ. ಅಷ್ಟು ಹೊತ್ತಿಗೇ ಬಜ್ಜಿ ತಿನ್ನುವವಳು ನಾನೊಬ್ಬಳೇ ಅಲ್ಲ ಎಂಬುದು ಸಮಾಧಾನ. ಸಾಹೇಬರ ಮೈಕ್‌ಸೆಟ್ ಅಂಗಡಿ ಪೇಟೆಯ ಒಳಬೀದಿಯಲ್ಲಿದೆ. ಎಪ್ಪತ್ತೈದರ ಆಸುಪಾಸಿನ ಮನುಷ್ಯ. ಮದುವೆ, ಉರುಸು, ಗಣಪತಿ, ಚಳವಳಿ ಎಲ್ಲದಕ್ಕೂ ಲೌಡ್‌ಸ್ಪೀಕರಿನ ಹಾರ್ನು ಕಟ್ಟಿದವರು. ಗುತ್ಯಮ್ಮನ ಹೆಸರೆತ್ತಿದ ಕೂಡಲೇ ನಕ್ಕರು.

"ಗುತ್ಯಮ್ಮ ಎಲ್ಲಾ ಕ್ಯಾಸೆಟ್ಟಿನ್ಯಾಗೂ ಅದಾಳಲ್ರೀ ಮೇಡಂ. ಶುರುವಿಗೇ!"

"ಶುರುವಿಗೆ ಯಾಕೆ?"

"ಮೈಕ್ ಟೆಸ್ಟಿಂಗಿಗೆ. ಅಷ್ಟು ಗಟ್ಟಿ ದನಿ ಇನ್ನೊಂದಿರಲಿಲ್ರೀ. ಆಕಿ ದನಿಗೆ ಹಾರ್ನು ಒಡಕಲು ಆಗ್ಲಿಲ್ಲ ಅಂದ್ರ ಯಾವ ಲೀಡರ್ ಬಂದ್ರೂ ಆಗಂಗಿಲ್ಲ. ಅದಕ್ಕ ಮೊದಲು ಆಕಿನ್ನ ನಿಲ್ಲಿಸ್ತಿದ್ದೆ. ಟೇಪು ಆಗ್ಲಿಂದ್ಲೇ ಓಡ್ತಿತ್ತು. ಯಾಕ್ರೀ, ನೀವು ಕೇಳಿಲ್ಲೇನು?"

ನನ್ನ ಮುಖ ಸಣ್ಣದಾಯಿತು. ಕೇಳಿರಲಿಲ್ಲ. ಪ್ರತಿ ಕ್ಯಾಸೆಟ್ಟಿನ ಮೊದಲ ಮೂರು ನಿಮಿಷ ಬರೀ 'ಹಲೋ ಹಲೋ' ಮತ್ತು ಗದ್ದಲ, ಅದನ್ನು ಕತ್ತರಿಸಿ ಭಾಷಣದಿಂದ ಶುರು ಮಾಡಿ ಎಂದು ನಿಯಮ ಬರೆದವಳೇ ನಾನು. ಜಾಗ ಉಳಿಯಲೆಂದು ಕತ್ತರಿಸಿದ ಚೂರುಗಳನ್ನೂ ಅಳಿಸಿದ್ದೆವು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಸಾಹೇಬರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಅಸಲು ಇದಾವಲ್ವಾ ಸಾಹೇಬರೇ? ನಿಮಗೇ ವಾಪಸ್ ಕೊಟ್ಟಿದ್ದೆವು."

"ಕಂಪ್ಯೂಟರಿನ್ಯಾಗ ಸೇರ್ಕೊಂಡ್ವಲ್ಲ, ಇನ್ನೇನು ಅಂತ ಮೊನ್ನೆ ಅಂಗಡಿಗೆ ಸುಣ್ಣ ಹೊಡಿಯೋವಾಗ ಗುಜರಿಗೆ ಹಾಕಿದ್ವಿ. ತಡೀರಿ, ಮೂರು ಉಳದಾವು."

ಹಾರ್ನುಗಳ ಹಿಂದಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದರು. ಮೂರರಲ್ಲಿ ಒಂದರ ಟೇಪು ತುಂಡಾಗಿ ಕೂದಲಿನ ಹಾಗೆ ಹೊರಬಂದಿತ್ತು. ಇನ್ನೊಂದರಲ್ಲಿ ಯಾರೋ ಕವ್ವಾಲಿ ತುಂಬಿದ್ದರು. ಮೂರನೆಯದರ ಮೇಲೆ ಸಾಹೇಬರ ಅಕ್ಷರ: 'ಸೊರಬ ತಾ. ಆಫೀಸು, ೪ ಹಾರ್ನು'. ಯಾರು ಮಾತಾಡಿದರು ಎಂದು ಅವರು ಬರೆಯುತ್ತಿರಲಿಲ್ಲ, ಎಷ್ಟು ಹಾರ್ನು ಕಟ್ಟಿದೆ ಎಂದು ಬರೆಯುತ್ತಿದ್ದರು. ಅದಕ್ಕೆ ಬೂಷ್ಟು ಹಿಡಿದಿತ್ತು. ಕನ್ನಡಕ ಹಣೆಗೇರಿಸಿ ಐದು ಸ್ಕ್ರೂ ಬಿಚ್ಚಿದರು, ಸ್ಪಿರಿಟ್ಟಿನ ಹತ್ತಿಯಲ್ಲಿ ಸುರುಳಿಗಳ ಅಂಚು ಒರೆಸಿದರು, ಎರಡನ್ನೂ ಬೇರೊಂದು ಕ್ಯಾಸೆಟ್ಟಿನ ಚಿಪ್ಪಿಗೆ ದಾಟಿಸಿ ಮುಚ್ಚಿದರು. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ನಾನು ಎರಡು ಚಹಾ ಕುಡಿದು, ಮೂರು ಸಲ 'ಆಗ್ತದಾ' ಎಂದು ಕೇಳಿ ತೊಂದರೆ ಕೊಟ್ಟೆ.

ಹಾಕಿ ನೋಡಲು ಕೈಚಾಚಿದೆ. ಸಾಹೇಬರು ತಡೆದರು.

"ಇಲ್ಲಿ ಬ್ಯಾಡ್ರೀ. ಇದು ಒಂದು ಸಲ ಓಡ್ತದೋ, ಎರಡು ಸಲವೋ, ನಂಗೂ ಗೊತ್ತಿಲ್ಲ. ಆ ಒಂದು ಸಲ ಮಗಳೇ ಕೇಳ್ಲಿ. ನಿಮ್ಮ ಕಂಪ್ಯೂಟ್ರಿಗೆ ವೈರು ಹಾಕ್ಕೊಳ್ರಿ, ಆಕಿ ಕೇಳ್ತಾ ಇರೋವಾಗ್ಲೇ ಅದೂ ಇಳಕೊಳ್ಳಲಿ."

ಇಷ್ಟು ವರ್ಷ ಸಂಗ್ರಹ ಮಾಡಿದವಳಿಗೆ ಇದು ಹೊಳೆದಿರಲಿಲ್ಲ.

ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ನಲವತ್ತು ಕಿಲೋಮೀಟರು. ರಸ್ತೆಯ ಒಂದು ಬದಿಗೆ ಉದ್ದಕ್ಕೂ ಮೆಕ್ಕೆಜೋಳ ಒಣಗಿಸಿದ್ದರು. ಡ್ರೈವರು ಅದರ ಮೇಲೆ ಚಕ್ರ ಹತ್ತದಂತೆ ಹುಷಾರಾಗಿ ಓಡಿಸುತ್ತಿದ್ದ. ಎದುರಿನಿಂದ ಲಾರಿ ಬಂದರೆ ಮಾತ್ರ ಎರಡೂ ಕಡೆಯವರು ಬಾಯಿಗೆ ಬಂದಂತೆ ಬೈದುಕೊಳ್ಳುತ್ತಿದ್ದರು. ಪ್ರತಿ ಹಳ್ಳಕ್ಕೂ ನಾನು ಚೀಲವನ್ನು ಎತ್ತಿ ಹಿಡಿದೆ. ಸೊರಬದಲ್ಲಿ ಒಂದೂವರೆ ಗಂಟೆಯ ಬಿಸಿಲು. ಹೊಸಬಾಳೆಗೆ ಆಟೋದವನು ನೂರೈವತ್ತು ಎಂದ, ನೂರಿಪ್ಪತ್ತಕ್ಕೆ ಒಪ್ಪಿದ, ಇಳಿಯುವಾಗ ಮತ್ತೆ ನೂರೈವತ್ತೇ ತೆಗೆದುಕೊಂಡ.

ರತ್ನಮ್ಮ ಭತ್ತದ ಕೊಯ್ಲಿನಿಂದ ಆಗಷ್ಟೇ ಬಂದು ಜಗಲಿಯ ಮುಂದೆ ಕಾಲು ತೊಳೆಯುತ್ತಿದ್ದರು. ಐವತ್ತರ ಹತ್ತಿರದ ಹೆಂಗಸು, ಮಾತು ಕಡಿಮೆ. ಉಣ್ಣದೆ ಕೆಲಸದ ಮಾತೇ ಬೇಡವೆಂದರು. ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಊಟವಾದ ಮೇಲೆ ನನ್ನ ತಪ್ಪು ಹೇಳಿಕೊಂಡೆ.

"ಭಾಷಣ ಅಲ್ಲ ಅಂತ ತೆಗ್ದುಬಿಟ್ರಾ?"

"ಹೌದು. ಹತ್ತು ಕ್ಯಾಸೆಟ್ಟಿನದು ಹೋಯಿತು. ಇದೊಂದು ಉಳಿದಿದೆ. ಇದರಲ್ಲೂ ಇದೆಯೋ ಇಲ್ಲವೋ, ನಾನು ಕೇಳಿಲ್ಲ."

 ಆಗ ಅವರು ಫೋನಿನಲ್ಲಿ ಹೇಳದೆ ಉಳಿಸಿಕೊಂಡದ್ದನ್ನು ಹೇಳಿದರು.

"ನನ್ನ ಸಾಕಿದ್ದು ಅಜ್ಜಿ. ಅಪ್ಪನ ಅವ್ವ. ಅಜ್ಜಿಗೆ ನಮ್ಮವ್ವನ ಕಂಡ್ರೆ ಆಗ್ತಿರ್ಲಿಲ್ಲ. ನಾನು ಅತ್ತಾಗೆಲ್ಲ ಒಂದೇ ಮಾತು, 'ನಿಮ್ಮವ್ವ ನಿನ್ನ ಮನೇಲಿ ಬಿಸಾಕಿ ಮೈಕಿನ ಹಿಂದೆ ಹೋದ್ಲು' ಅಂತ. ಅವ್ವ ಹೋದ್ಮೇಲೆ ಎರಡು ಎಕರೆಗೆ ಚೀಟಿ ಬಂತು. ಅದ್ರಾಗೇ ಉಂಡು ಬೆಳೆದಿದೀನಿ. ಆದ್ರೂ ಆ ಮಾತು ಹೋಗ್ಲಿಲ್ಲ ನೋಡಿ, ಇಲ್ಲೇ ಕೂತೈತೆ." ಎದೆ ಮುಟ್ಟಿ ತೋರಿಸಿದರು.

ಏನೂ ಸಿಗದಿದ್ದರೆ ಈಕೆಗೆ ಯಾವ ಮುಖ ತೋರಿಸಲಿ ಎಂದು ನನಗೆ ನಿಜಕ್ಕೂ ಭಯವಾಯಿತು. ಜಗಲಿಯ ಮೇಲೆ ಟೇಪ್ ರೆಕಾರ್ಡರಿಟ್ಟು ವೈರುಗಳನ್ನು ಎಳೆದೆ. ರತ್ನಮ್ಮ ಸ್ಪೀಕರಿನ ಪಕ್ಕಕ್ಕೇ ಸರಿದು ಕುಕ್ಕರುಗಾಲಲ್ಲಿ ಕುಳಿತರು. ಒತ್ತಿದೆ.

ಮೊದಲು ಬರೀ ಗರಗರ. ನಂತರ ಸಾಹೇಬರ ಹರೆಯದ ದನಿ: "ಹಲೋ, ಒನ್, ಟೂ, ತ್ರೀ. ಬರ್ರೀ ಗುತ್ಯಮ್ಮ, ನಿಲ್ರಿ." ಆಮೇಲೆ ಒಂದು ಹೆಣ್ಣುದನಿ, ಗಟ್ಟಿ, ಸ್ವಲ್ಪ ಒರಟು, ನಗು ತಡೆದುಕೊಂಡದ್ದು.

"ಹಲೋ! ಏನ್ ಮಾತಾಡಾದು ಸಾಯ್ಬ್ರೆ ದಿನಾ? ಉಳೋರಿಗೆ ಭೂಮಿ ಕೊಡಿ, ಹಲೋ! ಸಾಕಾ?"

"ಇನ್ನೊಂಚೂರು."

"ಹಲೋ! ನಮ್ಮ ಗದ್ದೆ ನಮ್ಮ ಹೆಸ್ರಿಗೆ ಮಾಡಿ, ಹಲೋ!" ಏನೋ ಎಳೆದಾಡಿದ ಸದ್ದು. ಅದೇ ದನಿ ತಟ್ಟನೆ ಬೇರೆಯಾಯಿತು. "ಏ ರತ್ನಿ! ವೈರ್ ಮುಟ್ಬ್ಯಾಡ ಅಂದಿಲ್ವಾ? ಈಚೆ ಬಾ. ಬಾ, ಇಲ್ಲಿ ನನ್ನ ಕಾಲ ಹತ್ರ ಕೂತ್ಕ. ಸಭೆ ಮುಗಿಯಗಂಟ ಏಳಂಗಿಲ್ಲ."

ರತ್ನಮ್ಮ ವೈರಿನ ಮೇಲಿದ್ದ ಕೈಯನ್ನು ಸರಕ್ಕನೆ ಹಿಂದಕ್ಕೆ ತೆಗೆದರು. ತೆಗೆದದ್ದು ಅವರಿಗೆ ತಿಳಿಯಿತೋ ಇಲ್ಲವೋ. ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಅವರಲ್ಲಿ ಬಂದಿರಲಿಲ್ಲ.

"ಕರ್ಕೊಂಡು ಹೋಗಿದ್ಲು," ಎಂದರು. ಸ್ಪೀಕರಿನ ಕಡೆ ತಿರುಗಿ, "ನನ್ನೂ ಕರ್ಕೊಂಡು ಹೋಗ್ತಿದ್ಲು."

ಟೇಪು ಓಡುತ್ತಲೇ ಇತ್ತು. ಕುರ್ಚಿಗಳ ಸದ್ದು, ಯಾರದೋ ಕೆಮ್ಮು, ಆಮೇಲೆ ನಾನು ಚೆನ್ನಾಗಿ ಬಲ್ಲ ಮುಖಂಡರೊಬ್ಬರ ಭಾಷಣ ಶುರುವಾಯಿತು. ನಮ್ಮ ಸಂಗ್ರಹದಲ್ಲಿ ಆ ಕ್ಯಾಸೆಟ್ಟು ಶುರುವಾಗುವುದೇ ಅಲ್ಲಿಂದ. ಇನ್ನು ಮುಂದಿನದು ನಮ್ಮಲ್ಲಿದೆ, ನಿಲ್ಲಿಸಲೇ ಎಂದು ಗುಂಡಿಯ ಮೇಲೆ ಬೆರಳಿಟ್ಟೆ.

"ಬ್ಯಾಡ, ಬ್ಯಾಡ, ಓಡ್ಲಿ," ಎಂದು ರತ್ನಮ್ಮ ಗೋಡೆಗೆ ಒರಗಿ ಕಾಲು ಚಾಚಿದರು. "ಅವ್ವ, ನಾನು ಇಬ್ರೂ ಅಲ್ಲೇ ಕೂತಿದೀವಲ್ಲ."