ಜಾಂಬಳಿ ಖಣ ತಿರುಗಿ ಬಂದದ್ದು

ಕುಷ್ಟಗಿ, 1949ನೆಯ ನವೆಂಬರ್ 13, ರವಿವಾರ. ಸಂಜೆ ನಾಲ್ಕೂಕಾಲಿಗೆ ಪತ್ರಿಕೆಗೆಂದು ಬರೆಯಲು ಕೂತಿದ್ದೇನೆ. ಅವ್ವ ಬಾವಿಗೆ ಹೋಗಿದ್ದಾಳೆ, ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ನನ್ನ ತೊಡೆಯ ಮೇಲೆ ಒಂದು ಖಣ ಇದೆ, ಒಂದು ಕುಬಸಕ್ಕೆ ಆಗುವಷ್ಟು ಅರಿವೆ. ಇದನ್ನು ಇಟ್ಟುಕೊಳ್ಳಬೇಕೋ ಕೊಡಬೇಕೋ ಎಂಬುದು ಅವಳು ಬರುವುದರೊಳಗೆ ತೀರ್ಮಾನವಾಗಬೇಕು.

ನಾಳೆ ಮುಂಜಾನೆ ದೊಡ್ಡಪ್ಪನ ಮಗಳು ತನ್ನ ಗಂಡನ ಊರಾದ ಇರಕಲ್ಲಗಡಕ್ಕೆ ಹೊರಡುತ್ತಾಳೆ. ಹೊರಡುವ ಮಗಳ ಉಡಿ ತುಂಬಬೇಕು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ ಬೇರು ಎಲ್ಲವೂ ಮನೆಯಲ್ಲಿವೆ. ಹೊಲಿಯದ ಖಣ ಮಾತ್ರ ಇದೊಂದೇ.

ಉಡಿಯಲ್ಲಿ ಬಂದ ಖಣವನ್ನೆಲ್ಲ ಯಾರೂ ಕುಬಸ ಹೊಲಿಸಿಕೊಳ್ಳುವುದಿಲ್ಲ. ಅದರ ಮೂರು ಮೂಲೆಯ ಮಡಿಕೆ ಬಿಚ್ಚದೆ ಪೆಟ್ಟಿಗೆಯಲ್ಲಿಟ್ಟು, ಸಮಯ ಬಂದಾಗ ಇನ್ನೊಬ್ಬಳ ಉಡಿಗೆ ಹಾಕುತ್ತೇವೆ. ಯುದ್ಧದ ಕಾಲದಲ್ಲಿ ಅರಿವೆ ಕಂಟ್ರೋಲಿಗೆ ಬಂದ ಮೇಲಂತೂ ಒಂದೊಂದು ಖಣ ಎಷ್ಟು ಮನೆ ತಿರುಗಿತೋ ಹೇಳಲಾಗದು. ಕತ್ತರಿ ತಾಗುವ ತನಕ ಖಣ ಊರವರೆಲ್ಲರದು. ಕತ್ತರಿ ತಾಗಿದ ಮೇಲೆ ಒಬ್ಬಳದು.

ಇದು ಒಂದು ಸಲ ನನ್ನ ಉಡಿಗೆ ಬಿದ್ದು, ನನ್ನ ಕೈಯಿಂದ ಹೋಗಿ, ಈಗ ತಿರುಗಿ ಬಂದಿದೆ.

ನಾನು ಇದನ್ನು ಕೊಟ್ಟದ್ದು ಪಕ್ಕದ ಮನೆಯ ಅಕ್ಕನಿಗೆ. ರಕ್ತಸಂಬಂಧವಲ್ಲ. ನನಗಿಂತ ಎರಡು ವರ್ಷ ದೊಡ್ಡವಳು, ಅದಕ್ಕೆ ಅಕ್ಕ. ನಮ್ಮ ಗೋಡೆಗೆ ಅವರ ಗೋಡೆ ಹತ್ತಿತ್ತು. ಅವಳ ಅಪ್ಪ ಇಳಕಲ್ಲಿನಿಂದ ಸೀರೆ ತಂದು, ಗಂಟು ಕಟ್ಟಿ, ತಾವರಗೇರಾದ ಸಂತೆ, ನಮ್ಮೂರ ಸಂತೆ ಎಂದು ತಿರುಗಿ ಮಾರುವವರು. ಮನೆಯಲ್ಲಿ ಅಪ್ಪ, ಮಗಳು, ಇಬ್ಬರೇ. ಅವಳಿಗೆ ಇದ್ದದ್ದು ಎರಡು ಸೀರೆ, ಎರಡು ಕುಬಸ.

"ಅಪ್ಪ ಊರಿಗೆಲ್ಲಾ ಸೀರಿ ಮಾರ್ತಾನ, ಮಗಳಿಗೆ ಎರಡ ಸೀರಿ!" ಎಂದು ಬಾವಿಯಲ್ಲಿ ಹೆಂಗಸರು ಚುಚ್ಚುತ್ತಿದ್ದರು.

"ಎರಡೂ ನನ್ನ ಗುರುತ ಹಿಡೀತಾವ್ರಿ ಅತ್ತಿ," ಎನ್ನುತ್ತಿದ್ದಳು ಅವಳು ಕೊಡ ಎತ್ತುತ್ತ. "ನಿಮ್ಮ ಪೆಟ್ಟಿಗ್ಯಾಗಿನ ಹತ್ತು ಸೀರಿಗೆ ನಿಮ್ಮ ಮಾರಿ ಮರತ ಹೋಗೇತಿ."

ಆ ಎರಡನ್ನೇ ಅವಳು ಹೇಗೆ ಉಡುತ್ತಿದ್ದಳು ಎಂಬುದನ್ನು ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಒಂದು ಹಸಿರು, ಒಂದು ಕಪ್ಪು. ಹಸಿರಿಗೆ ಒಂದು ದಿನ ಕೆಂಪು ಕುಬಸ, ಮರುದಿನ ಹಳದಿ. ಕಪ್ಪಿಗೂ ಹಾಗೆಯೇ. ಒಮ್ಮೆ ನಿರಿಗೆ ಸಣ್ಣದಾಗಿ ಒತ್ತೊತ್ತಿ ಹಿಡಿದರೆ, ಇನ್ನೊಮ್ಮೆ ಅಗಲ. ಸೆರಗನ್ನು ಒಂದು ದಿನ ತಲೆಯ ಮೇಲಿಂದ, ಒಂದು ದಿನ ಭುಜ ಬಳಸಿ ಮುಂದೆ. ಒಗೆದ ಸೀರೆಯನ್ನು ಹಿಂಡದೆ, ಗೋಡೆಯ ಗೂಟಕ್ಕೂ ಬೇವಿನ ಗಿಡಕ್ಕೂ ಕಟ್ಟಿದ ಹಗ್ಗದ ಮೇಲೆ ನೆರಳಲ್ಲಿ ಒಣಗಿಸಿ, ಮಡಚಿ, ಹಾಸಿಗೆಯ ಕೆಳಗೆ ಇಟ್ಟು ಅದರ ಮೇಲೆ ಮಲಗುತ್ತಿದ್ದಳು. ಮುಂಜಾನೆ ಅದು ಅಂಗಡಿಯಿಂದ ಆಗಷ್ಟೇ ತಂದಂತಿರುತ್ತಿತ್ತು.

"ಏನ ಬೇ, ಇವತ್ತ ಹೊಸಾ ಸೀರಿ?"

"ಹೂಂ ರೀ, ಹೊಸಾದ. ನಿನ್ನೆ ಅಷ್ಟ ಒಣಗೇತಿ."

ನನಗೆ ಆಗಲೇ ಲೆಕ್ಕ ಬರೆದಿಡುವ ಚಟ. ಯಾವ ದಿನ ಯಾವುದರ ಮೇಲೆ ಯಾವುದು ಎಂದು ಬರೆದು, ಅವಳು ಹದಿನೈದು ದಿನದಲ್ಲಿ ಒಂದೇ ಥರ ಎರಡು ಸಲ ಕಾಣಲಿಲ್ಲ ಎಂದು ಅವಳಿಗೇ ಓದಿ ಹೇಳಿದೆ. ನಕ್ಕು ನನ್ನ ಜಡೆ ಎಳೆದಳು. "ನೀ ಲೆಕ್ಕಾ ಇಡು, ನಾ ಉಡ್ತೀನಿ. ಇಬ್ಬರೂ ಕೂಡಿ ಒಬ್ಬಾಕಿ ಶ್ಯಾಣ್ಯಾಕಿ ಆಗ್ತೀವಿ." ಅವಳನ್ನು ನೋಡಿಯೇ ನಾನು ನನ್ನ ಮೂರು ಸೀರೆ, ನಾಲ್ಕು ಕುಬಸಗಳನ್ನು ಪ್ರೀತಿಸಲು ಕಲಿತೆ. ಇನ್ನೊಂದು ಬೇಕು ಎಂದು ಅವ್ವನ ಮುಂದೆ ಹಟ ಮಾಡುವುದನ್ನು ಬಿಟ್ಟದ್ದೂ ಆಗಲೇ.

1946ರ ನಾಗರಪಂಚಮಿಗೆ ಈ ಖಣ ನನ್ನ ಉಡಿಗೆ ಬಂತು. ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ, ನಾವು ಜಾಂಬಳಿ ಎನ್ನುತ್ತೇವೆ. ಕೆಂಪು ಅಂಚು, ಮೈತುಂಬ ಸಣ್ಣ ಚಿಕ್ಕಿ, ನಕ್ಷತ್ರದಂಥ ಚುಕ್ಕೆ. ಬಿಡಿಸಿ ನೋಡಿದರೆ ಅಂಚಿನಿಂದ ಗೇಣು ಒಳಗೆ ಒಂದು ಚಿಕ್ಕಿ ಇಲ್ಲ. ಸಾಲು ಸಾಲಾಗಿ ಎಲ್ಲ ಇದ್ದು ಅಲ್ಲೊಂದು ಕಡೆ ಬರೀ ಜಾಂಬಳಿ. ನೇಯುವಾಗ ಎಳೆ ತಪ್ಪಿರಬೇಕು. ಅಕ್ಕನ ಕಣ್ಣು ಆ ಬಣ್ಣದಿಂದ ಸರಿಯಲೇ ಇಲ್ಲ. ನಾನು ಅವಳ ಕೈಗಿಟ್ಟೆ.

"ಆ ಖಾಲಿ ಜಾಗಾ ಬಗಲಾಗ ಮುಚ್ಚಿಬಿಡು, ಯಾರಿಗೂ ಕಾಣೂದಿಲ್ಲ," ಎಂದೆ.

"ಯಾಕ ಮುಚ್ಚಲಿ? ಎಡಗಡೆ ತೋಳಿನ ಮ್ಯಾಲೆ, ನಟ್ಟನಡುವ ಬರ್ಲಿ. ಚಿಕ್ಕಿ ಖಣ ಊರಾಗ ಭಾಳ ಮಂದಿ ತೊಡ್ತಾರ. ಒಂದ ಚಿಕ್ಕಿ ಇಲ್ಲದ್ದು ಯಾರದು? ನಂದು. ಸಂತ್ಯಾಗ ನಾ ಕಳದ್ರ ನಿನಗ ಹುಡುಕಾಕ ಛಲೋ ಆಗ್ತೈತಿ."

ತೋಳು ಎಲ್ಲಿ ಕತ್ತರಿಸಬೇಕೆಂದು ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿಟ್ಟಳು. ಅವಳ ಹೊಲಿಗೆಗೆ ಒಂದು ನಡಿಗೆ ಇತ್ತು: ಎರಡು ಸಣ್ಣ, ಒಂದು ಉದ್ದ, ಎರಡು ಸಣ್ಣ, ಒಂದು ಉದ್ದ. ಒಳಗೆ ಅಸ್ತರಕ್ಕೆ ತೆಳ್ಳನೆಯ ಅರಿವೆ ಬೇಕಿತ್ತು, ಅದು ಸಿಕ್ಕಲಿಲ್ಲ. ಅವಳಪ್ಪನ ಗಂಟು ಆಗ ಖಾಲಿಯಾಗುತ್ತ ಬಂದಿತ್ತು. ಖಣ ಹಾಗೆಯೇ ಕಾದಿತ್ತು. ವಾರಕ್ಕೊಮ್ಮೆ ತೆಗೆದು ತೋಳಿಗೆ ಸುತ್ತಿಕೊಂಡು ನನಗೆ ತೋರಿಸುತ್ತಿದ್ದಳು.

1948ರ ಯುಗಾದಿ ಹತ್ತಿರ ಬಂದಿತ್ತು. ರಜಾಕಾರರ ಭಯದಿಂದ ಜನ ನಿಜಾಮನ ಸೀಮೆ ಬಿಟ್ಟು ಗಜೇಂದ್ರಗಡ, ಗದಗ, ಹೊಸಪೇಟೆ ಎಂದು ಹೋಗುತ್ತಿದ್ದರು. ಒಂದು ಮಧ್ಯಾಹ್ನ ಅಕ್ಕ ಖಣ ಬಿಡಿಸಿ ಕೂತಿದ್ದಳು. ಬಿಳಿ ದಾರ ಇದ್ದಲ್ಲೇ ಇತ್ತು. "ಅಸ್ತರ ಸಿಗ್ಲಿ ಬಿಡ್ಲಿ, ಈ ಯುಗಾದಿಗೆ ಹೊಲೀತೀನಿ," ಎಂದಳು. ಮರುದಿನ ಅವರ ಬಾಗಿಲಿಗೆ ಬೀಗ ಬಿದ್ದಿತ್ತು. ಕಟ್ಟೆಯ ಮೇಲೆ ಒಂದು ಒರಳು, ಹಗ್ಗ ಕಟ್ಟುತ್ತಿದ್ದ ಗೂಟ ಗೋಡೆಯಲ್ಲಿ. ಹೋಗುವ ಮಾತು ಅವಳಿಗೆ ಹಿಂದಿನ ದಿನ ಗೊತ್ತಿತ್ತೋ ಇಲ್ಲವೋ, ನನಗೆ ತಿಳಿಯದು.

ಸೆಪ್ಟೆಂಬರಿನಲ್ಲಿ ಗದ್ದಲ ಮುಗಿಯಿತು. ಹೋದವರು ಒಬ್ಬೊಬ್ಬರಾಗಿ ತಿರುಗಿ ಬಂದರು. ಅಕ್ಕ, ಅವಳಪ್ಪ ಮಾತ್ರ ಬರಲಿಲ್ಲ. ಕೇಳಿದವರಲ್ಲಿ ಒಬ್ಬರು ಗದಗಿನಲ್ಲಿ ನೋಡಿದೆ ಎಂದರು, ಇನ್ನೊಬ್ಬರು ಅಪ್ಪ ಒಬ್ಬನೇ ಇದ್ದ ಎಂದರು. ಮನೆಯ ಒಡೆಯರು ಬೀಗ ತೆಗೆಸಿ ಬೇರೆಯವರಿಗೆ ಬಾಡಿಗೆಗೆ ಕೊಟ್ಟರು. ಆ ಮನೆಯಾಕೆಯೂ ಅದೇ ಗೂಟಕ್ಕೆ ಹಗ್ಗ ಕಟ್ಟುತ್ತಾಳೆ. ಸಂಜೆಯ ಮಬ್ಬಿನಲ್ಲಿ ಒಂದು ಕಪ್ಪು ಸೀರೆ ಅಲ್ಲಿ ಅಲ್ಲಾಡಿದರೆ ಈಗಲೂ ನಾನು ಅವರ ಕಟ್ಟೆಯ ತನಕ ಓಡುತ್ತೇನೆ.

ಆಗಿನಿಂದ ನಾನು ಹೆಂಗಸರ ಮುಖ ನೋಡುವ ಮೊದಲು ಎಡತೋಳು ನೋಡುತ್ತೇನೆ. ಸಂತೆಯಲ್ಲಿ, ಗುಡಿಯಲ್ಲಿ, ಮೋಟಾರು ನಿಲ್ಲುವಲ್ಲಿ. ಜಾಂಬಳಿ ಕುಬಸ ಕಂಡರೆ ಹಿಂದೆ ಹೋಗುತ್ತೇನೆ. ಹೋದಷ್ಟು ಸಲವೂ ಚಿಕ್ಕಿಗಳೆಲ್ಲ ತುಂಬಿರುತ್ತಿದ್ದವು.

ಈ ಸಲ ದಸರೆ ಮುಗಿದ ವಾರ ಅವ್ವ ತಾವರಗೇರಾಕ್ಕೆ ಹೋಗಿದ್ದಳು, ಸಂಬಂಧಿಕರ ಮನೆಯ ಬಸುರಿಗೆ ಉಡಿ ತುಂಬುವ ಕಾರ್ಯಕ್ಕೆ. ತಿರುಗಿ ಬಂದು, ಅಲ್ಲಿ ತನಗೂ ತುಂಬಿದ್ದ ಉಡಿಯನ್ನು ನನ್ನ ಮುಂದೆ ಬಿಚ್ಚಿದಳು. ಅಕ್ಕಿ, ಅರ್ಧ ಕೊಬ್ಬರಿ, ಅದರ ಕೆಳಗೆ ಜಾಂಬಳಿ ಮೂರು ಮೂಲೆಯ ಮಡಿಕೆ. ಬಿಡಿಸುವ ಮೊದಲೇ ನನ್ನ ಬೆರಳಿಗೆ ಗೊತ್ತಾಗಿತ್ತು. ನಾನು ನೂರು ಖಣ ಕಂಡವಳಲ್ಲ. ಕಂಡ ಕೆಲವನ್ನು ಮಾತ್ರ ಮರೆಯುವುದಿಲ್ಲ. ಗೇಣು ಒಳಗೆ, ಚಿಕ್ಕಿ ಇರಲಿಲ್ಲ.

ಕತ್ತರಿ ತಾಗಿರಲಿಲ್ಲ. ಬಿಳಿ ದಾರ ಇರಲಿಲ್ಲ. ಬಾಗಿಲ ಬೆಳಕಿಗೆ ಹಿಡಿದೆ. ನೀರು ಕಾಣದ ಖಣದಲ್ಲಿ ಸೂಜಿಯ ತೂತು ಮುಚ್ಚುವುದಿಲ್ಲ. ಮೊದಲು ಹಾಕಿದ ಗೆರೆ ಸಾಸಿವೆಗಿಂತ ಸಣ್ಣ ಬೆಳಕಿನ ಚುಕ್ಕೆಗಳಾಗಿ ಕಂಡಿತು. ಎರಡು ಸಣ್ಣ, ಒಂದು ಉದ್ದ. ಅದರಿಂದ ನಾಲ್ಕು ಬೆರಳು ಆಚೆ ಇನ್ನೊಂದು ಗೆರೆ. ಅದೂ ಎರಡು ಸಣ್ಣ, ಒಂದು ಉದ್ದ. ಒಂದು ತೂತಿನಲ್ಲಿ ಕೆಂಪು ದಾರದ ಎಳೆ ಉಳಿದಿತ್ತು.

ಆ ಎರಡನೆಯ ಗೆರೆಯ ಮೇಲೆ ಕತ್ತರಿಸಿದರೆ ಖಾಲಿ ಜಾಗ ಬಗಲಿನೊಳಗೆ ಹೋಗುತ್ತದೆ. ಯಾರಿಗೂ ಕಾಣುವುದಿಲ್ಲ.

ಅವರು ಊರು ಬಿಡುವ ಹಿಂದಿನ ದಿನ ಮಧ್ಯಾಹ್ನ ನಾನು ನೋಡಿದಾಗ ಆ ಗೆರೆ ಇರಲಿಲ್ಲ. ಅಂದರೆ ಊರು ಬಿಟ್ಟ ಮೇಲೆ, ಎಲ್ಲೋ ಕೂತು, ಯಾರದೋ ಕೆಂಪು ದಾರ ಕೇಳಿ ತಂದು, ಅಕ್ಕ ತೋಳಿನ ಜಾಗ ಬದಲಿಸಿದ್ದಾಳೆ. ಅಷ್ಟರ ತನಕ ಅವಳು ಇದ್ದಳು. ಇದು ನನ್ನ ಸಂತೋಷ. ಗುರುತು ಹಿಡಿಯಲಿ ಎಂದು ತೋಳಿನ ಮೇಲೆ ಬೇಕೆಂದವಳು, ಯಾರೂ ಗುರುತು ಹಿಡಿಯಬಾರದೆಂದು ಅದನ್ನು ಬಗಲಿಗೆ ಸರಿಸಿದ್ದಾಳೆ. ಇದು ನನ್ನ ದುಃಖ. ಆಮೇಲೆ ಎರಡೂ ಗೆರೆಗಳ ದಾರವನ್ನು ಬಿಚ್ಚಲಾಗಿದೆ. ಹೊಲಿದ ಕೈ ಯಾರದೆಂದು ಗೊತ್ತಾಗುತ್ತದೆ, ಬಿಚ್ಚಿದ ಕೈ ಗೊತ್ತಾಗುವುದಿಲ್ಲ.

ಬಂದ ದಾರಿ ಹಿಡಿದು ಹೋದೆ. ತಾವರಗೇರಾದ ಮನೆಯಾಕೆ ಹೇಳಿದ್ದು: "ನಮ್ಮ ನಾದಿನಿ ತಂದಿದ್ದವ್ವ, ಯಲಬುರ್ಗಿಯಾಕಿ." ಯಲಬುರ್ಗಿಯಾಕೆ ಹೇಳಿದ್ದು: "ಹುಲಿಗಿಯೊಳಗ ಅಮ್ಮನ ಉಡಿ ಪ್ರಸಾದ ಅಂತ ಕೊಟ್ಟಿದ್ರು. ಹಂತಾದಕ್ಕ ಯಾರರ ಕತ್ತರಿ ಹಚ್ತಾರೇನ? ಅದಕ್ಕ ಇಟ್ಟಿದ್ದೆ." ಕಾರ್ತಿಕದ ಮೊದಲ ಮಂಗಳವಾರ ಅಪ್ಪನ ಜೊತೆ ಹುಲಿಗಿಯ ಹೊಳೆದಂಡೆಗಿರುವ ಅಮ್ಮನ ಗುಡಿಗೆ ಹೋದೆ. ಅಮ್ಮನಿಗೆ ಏರಿಸಿದ ಖಣಗಳನ್ನು ಬಂದ ಹೆಂಗಸರ ಉಡಿಗೆ ಹಾಕುತ್ತ ಒಬ್ಬ ಮುದುಕಿ ಕೂತಿದ್ದಳು.

"ಆಯಿ, ಇದನ್ನ ಯಾರು ಏರಿಸಿದ್ದು, ನೆನಪೈತೇನು?"

"ಏ ಹುಚ್ಚಿ, ಹುಣ್ಣಿವಿ ದಿನ ಎಷ್ಟ ಮಂದಿ ಬರ್ತಾರ ಗೊತ್ತೇನ? ಅಮ್ಮ ಉಡಿ ಒಡ್ಡಿ ಕುಂತಾಳ. ಹಾಕಿದವರ ಮಾರಿ ಆಕಿ ನೋಡ್ತಾಳ, ನಾ ನೋಡೂದಿಲ್ಲ."

"ಹರಕಿ ಮುಟ್ಟಿಸಾಕ ಬಂದಾರೋ, ಅಥವಾ..."

ಮುದುಕಿ ತಿಳಿದುಕೊಂಡಳು. "ಹರಕಿ ಮುಟ್ಟಿಸೋರೂ ಬರ್ತಾರ. ಸತ್ತಾಕಿ ಪೆಟ್ಟಿಗ್ಯಾಗ ಉಳದದ್ದನ್ನ ಮನ್ಯಾಗ ಇಟಗೋಳಾಕ ಆಗದ ತರೋರೂ ಬರ್ತಾರ. ಇಬ್ಬರೂ ಅಳ್ತಾರವ್ವ. ನೋಡಿ ಹೆಂಗ ಹೇಳ್ಲಿ?" ಎಂದು ನನ್ನ ಉಡಿಗೂ ಒಂದು ಹಿಡಿ ಅಕ್ಕಿ ಹಾಕಿದಳು. ಹೊಳೆಯ ಮೆಟ್ಟಿಲ ಮೇಲೆ ಸಂಜೆಯ ತನಕ ಕೂತು ತೋಳುಗಳನ್ನು ನೋಡಿದೆ.

ಈಗ ಐದೂ ಹತ್ತು. ಬೆಳಕು ಕಡಿಮೆಯಾಗುತ್ತಿದೆ.

ಕೊಟ್ಟರೆ ಇದು ಇರಕಲ್ಲಗಡಕ್ಕೆ ಹೋಗುತ್ತದೆ, ಅಲ್ಲಿಂದ ಮುಂದೆ. ತಿರುಗಿ ತಿರುಗಿ ಒಂದು ದಿನ ಅವಳ ಉಡಿಗೇ ಬೀಳಬಹುದು ಎಂದು ಮೂರು ದಿನದಿಂದ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಈ ಖಣ ಒಮ್ಮೆ ಅವಳ ಕೈ ಬಿಟ್ಟಿದೆ. ಅವಳೇ ಬಿಟ್ಟಿದ್ದರೆ ತಿರುಗಿ ಅವಳಿಗೇ ಕಳಿಸಿ ಏನು ಹೇಳಲಿ? ಅವಳು ಇಲ್ಲದಿದ್ದರೆ ಇದು ಮನೆಯಿಂದ ಮನೆಗೆ ಯಾರನ್ನೂ ಮುಟ್ಟದೆ ತಿರುಗುತ್ತಲೇ ಇರುತ್ತದೆ. ಅದನ್ನು ನೆನೆದರೆ ಹೆದರಿಕೆಯಾಗುತ್ತದೆ. ನಾನು ತೊಟ್ಟರೆ ಇದು ಒಂದು ಕಡೆ ನಿಲ್ಲುತ್ತದೆ. ನಾನು ಅವಳನ್ನು ಹುಡುಕುವುದಷ್ಟೇ ಅಲ್ಲ, ಅವಳಿಗೂ ನನ್ನನ್ನು ಹುಡುಕಲು ಒಂದು ಗುರುತು ಸಿಗುತ್ತದೆ.

ಇಲ್ಲಿಗೆ ಬರೆಯುವುದನ್ನು ನಿಲ್ಲಿಸಿ ಕತ್ತರಿ ತಂದೆ. ಬಾಗಿಲಿಗೆ ಖಣ ಹಿಡಿದು, ಬಿಳಿ ದಾರದ ಹಳೆಯ ತೂತುಗಳ ಮೇಲೆ ಕತ್ತರಿಸಿದೆ. ಕೆಂಪು ದಾರದ ಗೆರೆಯನ್ನು ಮುಟ್ಟಲಿಲ್ಲ. ಅದು ತೋಳಿನ ಅರಿವೆಯಲ್ಲೇ ಉಳಿಯಿತು. ನನ್ನ ನಾಲ್ಕು ಕುಬಸಗಳಲ್ಲಿ ತೀರ ಮೆತ್ತಗಾದದ್ದನ್ನು ಬಿಚ್ಚಿ ಅಸ್ತರಕ್ಕೆ ಇಟ್ಟೆ. ಎರಡೇ ಇದ್ದವಳಿಗೆ ಹಾಗೆ ಒಂದನ್ನು ಬಿಚ್ಚಲು ಆಗುತ್ತಿರಲಿಲ್ಲ. ನನಗೆ ಹೊಸದು ಸೇರಿದರೂ ನಾಲ್ಕೇ.

ಅವ್ವ ಕೊಡ ಇಳಿಸಿ ನೋಡಿದಳು.

"ಅಯ್ಯ ನಿನ್ನ! ಮುಂಜೇಲೆ ಆ ಹುಡುಗಿ ಉಡಿಗೆ ಏನ ನಿನ್ನ ತಲಿ ಹಾಕ್ಲೇನ?"

ನಾನು ತೋಳಿನ ತುಂಡು ಎತ್ತಿ ತೋರಿಸಿದೆ. ಚಿಕ್ಕಿ ಇಲ್ಲದ ಜಾಗ ನಟ್ಟನಡುವೆ ಬಂದಿತ್ತು. ಅವ್ವ ಆ ಜಾಗದ ಮೇಲೆ ಬೆರಳಿಟ್ಟಳು. ಅವಳೂ ಅದನ್ನು ಅಕ್ಕನ ತೋಳಿನ ಮೇಲೆ ಎಷ್ಟೋ ಸಲ ಕಂಡಿದ್ದಳು.

"ಕತ್ತರಿ ಸಣ್ಣಗ ಹೊಡಿ, ಎಳಿ ಬಿಡ್ತೈತಿ," ಎಂದಷ್ಟೇ ಅಂದು, ಒಂದು ಖಣ ಕಡ ಕೇಳಲು ಪಕ್ಕದ ಮನೆಗೆ ಹೋದಳು. ಅಕ್ಕ ಇದ್ದ ಮನೆಯ ಬಾಗಿಲಿಗೇ.

ಈ ಕುಬಸ ತೊಟ್ಟು ನಾನು ಪ್ರತಿ ಹುಣ್ಣಿಮೆ ಹುಲಿಗಿಯ ಹೊಳೆಯ ಮೆಟ್ಟಿಲ ಮೇಲೆ ಇರುತ್ತೇನೆ. ಓದುವ ಅಕ್ಕ ತಂಗಿಯರೇ, ಜಾಂಬಳಿ ಮೈ, ಕೆಂಪು ಅಂಚು, ಒಂದು ಚಿಕ್ಕಿ ಇಲ್ಲದ ಖಣ ನಿಮ್ಮ ಕೈಯಿಂದ ಹಾದುಹೋಗಿದ್ದರೆ, ಅಥವಾ ಎರಡು ಸಣ್ಣ ಒಂದು ಉದ್ದ ಹೊಲಿಗೆ ಹಾಕುವವಳನ್ನು ಗದಗಿನಲ್ಲೋ ಗಜೇಂದ್ರಗಡದಲ್ಲೋ ಹೊಸಪೇಟೆಯಲ್ಲೋ ಕಂಡಿದ್ದರೆ, ಈ ಪತ್ರಿಕೆಗೆ ಒಂದು ಸಾಲು ಬರೆದು ತಿಳಿಸಿರಿ. ಅವಳು ಇಲ್ಲ ಎಂಬ ಸುದ್ದಿಯಾದರೂ ಬರೆಯಿರಿ. ಹುಲಿಗಿಯಲ್ಲಿ ಇದನ್ನು ಏರಿಸಿದವರು ನೀವೇ ಆಗಿದ್ದರೆ, ದಾರ ಬಿಚ್ಚಿದ್ದು ಯಾರ ಕೈ ಎಂಬುದನ್ನು ಮಾತ್ರ ಹೇಳಿರಿ.