ಗಿರಣಿ ನಿಲ್ಲಿಸಿದ ಲ್ಯಾಪ್‌ಟಾಪ್

ನನ್ನ ಲ್ಯಾಪ್‌ಟಾಪ್ ಭಾಳ ನಿಧಾನ. ಇದನ್ನು ದೂರು ಎಂದು ತಿಳಿಯಬೇಡಿ, ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ. ಗುಂಡಿ ಒತ್ತಿ, ಚಹಾಕ್ಕಿಟ್ಟು, ಸೋಸಿ, ಅತ್ತೆಯವರಿಗೊಂದು ಕಪ್ಪು ಕೊಟ್ಟು ಬಂದರೆ ಅದು ಆಗಷ್ಟೇ ಕಣ್ಣು ಬಿಡುತ್ತಿರುತ್ತದೆ. ಈ ನಿಧಾನವೇ ಅದಕ್ಕೆ ಕಾವಲು. ಕುಷ್ಟಗಿಯ ನಮ್ಮ ಮನೆಯಲ್ಲಿ ಟಿ.ವಿ. ಎಲ್ಲರದು, ಸ್ಕೂಟಿ ಎಲ್ಲರದು, ನನ್ನ ಫೋನಂತೂ ನನ್ನನ್ನು ಬಿಟ್ಟು ಎಲ್ಲರದು. ಲ್ಯಾಪ್‌ಟಾಪ್ ಮಾತ್ರ ನನ್ನದು, ಯಾಕೆಂದರೆ ಅದರ ಮುಂದೆ ಕೂತು ಕಾಯುವ ತಾಳ್ಮೆ ಇನ್ಯಾರಿಗೂ ಇಲ್ಲ. ಹೈಸ್ಕೂಲ್ ಹುಡುಗರಿಗೆ ಇತಿಹಾಸ ಕಲಿಸುವವಳು ನಾನು, ಒಂದು ಉತ್ತರಕ್ಕಾಗಿ ಇಡೀ ತರಗತಿಯ ಮುಖ ನೋಡುತ್ತ ನಿಂತು ರೂಢಿಯಾಗಿದೆ.

ಈ ಬೇಸಿಗೆಯಲ್ಲಿ ಅದಕ್ಕೊಂದು ಜಡ್ಡು ಬಂತು. ಅರ್ಧ ಪುಟ ಬರೆಯುವಷ್ಟರಲ್ಲಿ ಹಂಚಿನಂತೆ ಕಾಯುವುದು, ಒಳಗಿನ ಫ್ಯಾನು ತಿರುಗುವುದೇ ಇಲ್ಲ, ತಟ್ಟನೆ ಆರಿಹೋಗುವುದು. ದಿನಾ ಬಸ್ಸಿನಲ್ಲಿ ಯಲಬುರ್ಗಾದ ಕಚೇರಿಗೆ ಹೋಗಿ ಬರುವ ನಮ್ಮ ಮನೆಯವರು, "ಅದರ ಕಾಲ ಮುಗೀತು ಬಿಡು. ಹೊಸಾದು ತರೂಣು, ಎಲ್ಲಾರಿಗೂ ಆಗತೈತಿ" ಅಂದರು. ಆ 'ಎಲ್ಲಾರಿಗೂ' ಕೇಳಿ ನನ್ನ ಎದೆ ಧಸಕ್ಕೆಂದಿತು. ಹೊಸದರಲ್ಲಿ ನನ್ನ ಪಾಳಿ ಬರುವುದು ಯಾವಾಗ, ನೀವೇ ಹೇಳಿ. ಮಗಳ ಓದು, ಇವರ ಕ್ರಿಕೆಟ್ಟು, ಅತ್ತೆಯವರ ಧಾರಾವಾಹಿ, ಎಲ್ಲ ಮುಗಿದು ಚೂರು ಹೊತ್ತು ಉಳಿದರೆ ಅದು ನನಗೆ. ಈ ಹಳೆಯದನ್ನೇ ಬದುಕಿಸುತ್ತೇನೆ ಎಂದು ಹಟ ಹಿಡಿದೆ.

ಗಂಗಾವತಿಯಲ್ಲಿ ಹಳೆಯ ಕಂಪ್ಯೂಟರ್ ರಿಪೇರಿ ಮಾಡುವ ರಫೀಕ್ ಎಂಬವರಿದ್ದಾರೆ. ಹೊತ್ತುಕೊಂಡು ಹೋದೆ. ಅವರು ಬಿಚ್ಚಿ, ಧೂಳು ಊದಿ, ಮುಚ್ಚಿ, "ಫ್ಯಾನ್ ಛಲೋ ಐತ್ರಿ ಮೇಡಂ. ಯಾವಾಗ ತಿರುಗಬೇಕು ಅನ್ನೋದ ಮರತೈತಿ. ಫರ್ಮ್‌ವೇರ್ ಅಪ್‌ಡೇಟ್ ಮಾಡಬೇಕ್ರಿ" ಅಂದರು. ಬ್ಯಾಟರಿ ಇಲ್ಲದಿದ್ದರೆ ಅಪ್‌ಡೇಟ್ ಶುರುವೇ ಆಗುವುದಿಲ್ಲವಂತೆ, ನನ್ನ ಬ್ಯಾಟರಿಯೋ ಎಂದೋ ಸತ್ತಿತ್ತು. ಎಲ್ಲಿಂದಲೋ ಹಳೆಯದೊಂದನ್ನು ಹುಡುಕಿ ಕೂಡಿಸಿ, "ಇದು ತೋರಿಸಾಕಷ್ಟ ಐತ್ರಿ, ನಂಬಬ್ಯಾಡ್ರಿ. ನಡುವ ಕರೆಂಟ್ ಹೋತಂದ್ರ ಆಮ್ಯಾಲ ನಿಮ್ಮ ಲ್ಯಾಪ್‌ಟಾಪ್ ಬರೇ ಡಬ್ಬಿ" ಎಂದು ಎಚ್ಚರಿಸಿದರು. ಅವತ್ತು ಅವರ ಓಣಿಯಲ್ಲಿ ಕರೆಂಟು ಹೋಗಿ ಬಂದು ಆಟ ಆಡುತ್ತಿತ್ತು. ಹಾಗಾಗಿ ಮಾಡುವ ಕ್ರಮ ಹೇಳಿಕೊಟ್ಟು, ಮನೆಯಲ್ಲೇ ಹೊತ್ತು ನೋಡಿ ಮಾಡಿಕೊಳ್ಳಿ ಎಂದು ಕಳಿಸಿದರು.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಈ ಫರ್ಮ್‌ವೇರ್ ಅಂದರೇನಿರಬಹುದು ಎಂದು ಯೋಚಿಸಿದೆ. ನಮ್ಮ ಅತ್ತೆಯವರು ಎಚ್ಚರಾದ ಕೂಡಲೇ ಅಂಗೈ ನೋಡಿಕೊಂಡು, ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು, ಆಮೇಲೆ ಏಳುತ್ತಾರೆ. ಮೊಣಕಾಲು ನೋವು ನೆನಪಾಗುವುದು, ಸೊಸೆ ನೆನಪಾಗುವುದು ಎಲ್ಲ ಅದರ ನಂತರ. ಯಂತ್ರಕ್ಕೂ ಹಾಗೇ. ತಾನು ಯಾರ ಮನೆಯದು, ಏನು ಕೆಲಸದ್ದು ಎಂದು ತಿಳಿಯುವ ಮೊದಲೇ ಅದು ಕೈಕಾಲು ಮುಟ್ಟಿ ನೋಡಿಕೊಳ್ಳುತ್ತದೆ. ಕೀಲಿಮಣೆ ಇದೆಯಾ, ಪರದೆ ಇದೆಯಾ, ಫ್ಯಾನು ಇದೆಯಾ? ಆ ಮೊದಲ ರೂಢಿಯನ್ನು ಬರೆದಿಟ್ಟ ಜಾಗವೇ ಫರ್ಮ್‌ವೇರು. ಅದನ್ನು ಬದಲಿಸುವುದೆಂದರೆ ಅತ್ತೆಯವರಿಗೆ ನಾಳೆಯಿಂದ ಬೇರೆ ಥರ ಏಳಿರಿ ಎಂದು ಹೇಳಿದ ಹಾಗೆ. ನನಗಂತೂ ಅಷ್ಟು ಧೈರ್ಯವಿಲ್ಲ.

ಇನ್ನೊಂದು ಸಂಕಟವಿತ್ತು. ನಮ್ಮ ಗೋಡೆಗೆ ಹತ್ತಿಕೊಂಡೇ ಶರಣಪ್ಪನವರ ಹಿಟ್ಟಿನ ಗಿರಣಿ. ಅದರ ಮೋಟಾರು ಶುರುವಾದರೆ ನಮ್ಮ ದೀಪಗಳು ಮುಖ ಬಾಡಿಸಿಕೊಳ್ಳುತ್ತವೆ. ಇನ್ವರ್ಟರ್ ಇದೆಯಲ್ಲ ಅನ್ನುತ್ತೀರಿ. ಇದೆ, ಆದರೆ ಅದು ಒಮ್ಮೆ ಕಣ್ಣು ಮಿಟುಕಿಸಿಯೇ ಕೆಲಸಕ್ಕೆ ಇಳಿಯುವುದು, ಆ ಒಂದು ಮಿಟುಕು ಸಾಕು ಲ್ಯಾಪ್‌ಟಾಪಿನ ಕಥೆ ಮುಗಿಯಲಿಕ್ಕೆ. ಭಾನುವಾರ ಬೆಳಿಗ್ಗೆ ಗಿರಣಿಯ ಬಾಗಿಲಲ್ಲಿ ನಿಂತೆ. ಜೋಳದ ಡಬ್ಬಿಗಳು ಸಾಲುಗಟ್ಟಿದ್ದವು.

"ಶರಣಪ್ಪಣ್ಣ, ಒಂದೀಟು ಹೊತ್ತು ಗಿರಣಿ ಬಂದ್ ಮಾಡ್ತೀರೇನ್ರಿ? ನನ್ನ ಕಂಪ್ಯೂಟರಿಗೆ ಒಂದು ಕೆಲಸ ಐತಿ. ನಡುವ ಕರೆಂಟ್ ಕಮ್ಮಿ ಆದ್ರ ಅದು ಸತ್ತ ಹೋಗತೈತ್ರಿ."

ಬೈಯುತ್ತಾರೆ ಅಂದುಕೊಂಡಿದ್ದೆ. ಹಿಟ್ಟು ಹತ್ತಿದ ಹುಬ್ಬು ಏರಿಸಿ, "ನಂದೂ ಹಂಗ ಐತ್ರಿ ಅಕ್ಕೋರ" ಅಂದರು. "ಕಾಳು ಬಿದ್ದ ಮ್ಯಾಲ ನಡುವ ನಿಂತ್ರ ಕಲ್ಲು ಹಿಡಕೊಂಡ ಬಿಡತೈತಿ. ಇದೊಂದು ಡಬ್ಬಿ ಇಳೀಲಿ, ಬಂದ್ ಮಾಡ್ತೀನಿ."

ಪಾಳಿಯಲ್ಲಿ ಮೊದಲಿದ್ದ ದ್ಯಾಮವ್ವ ಎಂಬ ಮುದುಕಿಗೆ ಇದು ಸೇರಲಿಲ್ಲ. "ಮತ್ತ ನನ್ನ ರೊಟ್ಟಿ ಯಾವಾಗ್ರಿ?" ಎಂದು ಗೊಣಗುತ್ತ, ಅದೇನು ಕೆಲಸವೋ ನೋಡಿಯೇ ಬಿಡೋಣ ಎಂದು ನನ್ನ ಹಿಂದೆಯೇ ಮನೆಯೊಳಗೆ ಬಂದಳು. ಮುಗಿಯುವ ತನಕ ಯಾರೂ ಸ್ವಿಚ್ ಮುಟ್ಟಬಾರದು ಎಂದು ಹೇಳಿದೆ. ಅತ್ತೆಯವರು ಮಿಕ್ಸರ್ ತಂತಿ ಕಿತ್ತು, ಸ್ವಿಚ್ ಬೋರ್ಡಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ಗಿರಣಿ ನಿಂತಿತು. ಓಣಿಗೆ ಓಣಿಯೇ ಗಪ್ಪಾಯಿತು. ನಾನು ದೇವರನ್ನು ನೆನೆದು ಗುಂಡಿ ಒತ್ತಿದೆ.

ಪರದೆಯ ಮೇಲೆ ಒಂದು ಗೆರೆ ಇರುವೆಯಂತೆ ಮುಂದೆ ಸರಿಯಿತು. ಸರಿಯುತ್ತ ಸರಿಯುತ್ತ ಕೊನೆ ಮುಟ್ಟಿತು ಅನ್ನುವಷ್ಟರಲ್ಲಿ ಪರದೆ ಕರ್ರಗಾಯಿತು. ಒಳಗೆ ಫ್ಯಾನು ಒಮ್ಮೆಲೇ ಭರ್ರೋ ಎಂದು ಅರಚತೊಡಗಿತು. ಕಾದೆ. ಕತ್ತಲೆ. ಮತ್ತೂ ಕಾದೆ. ಅಯ್ಯೋ, ನನ್ನ ಕೈಯಾರೆ ಕೊಂದೆನಲ್ಲ! ನಗಬೇಡಿ, ಕಣ್ಣಲ್ಲಿ ನೀರು ಬಂತು. ಗಾಬರಿಯಲ್ಲಿ, ಆರಿಸಿ ಮತ್ತೆ ಹಚ್ಚೋಣ ಎಂದು ಸ್ವಿಚ್ಚಿಗೆ ಕೈ ಚಾಚಿದೆ. ಅತ್ತೆಯವರು ಆ ಕೈಯ ಮೇಲೆ ಫಟ್ಟನೆ ಒಂದು ಕೊಟ್ಟರು.

"ಮುಟ್ಟಿಗಿಟ್ಟೀ! ಮುಟ್ಟಬ್ಯಾಡಂತ ನೀನ ಹೇಳೀದಿ, ಈಗ ನೀನ ಮುಟ್ಟತೀಯಲ್ಲ!"

ದ್ಯಾಮವ್ವ ನನ್ನ ಬೆನ್ನು ಸವರಿದಳು. "ಅಳಬ್ಯಾಡ್ರಿ ಅಕ್ಕೋರ. ಉಸುರು ಐತಿ ಅದಕ್ಕ, ಸಪ್ಪಳ ಕೇಳ್ರಿ."

ಕೇಳಿದೆ. ಹೌದು, ಉಸಿರಿತ್ತು. ಮೂವರೂ ಆ ಉಸಿರನ್ನೇ ಕೇಳುತ್ತ ಕೂತೆವು. ಆಮೇಲೆ ಅದು ಸಣ್ಣಗಾಯಿತು, ಪರದೆಯಲ್ಲಿ ಬೆಳಕು ಮೂಡಿತು, ನನ್ನ ಹಳೆಯ ಲ್ಯಾಪ್‌ಟಾಪ್ ತನ್ನ ಎಂದಿನ ಆಲಸ್ಯದಿಂದ ಎದ್ದು ಕೂತಿತು. ನಾನು ಅತ್ತೆಯವರನ್ನು ತಬ್ಬಿಕೊಂಡೇ ಬಿಟ್ಟೆ. ಅವರಿಗೆ ಇಂಥದ್ದು ರೂಢಿಯಿಲ್ಲ, "ಸಾಕ ಬಿಡವಾ" ಅಂದರು.

"ಏನೇನ ಬದಲಾತ್ರಿ?" ಎಂದು ದ್ಯಾಮವ್ವ ಪರದೆಗೆ ಮುಖ ಹಚ್ಚಿದಳು. ಮೂಲೆಯಲ್ಲಿ ಒಂದು ಅಂಕಿ ಬದಲಾಗಿತ್ತು, ತೋರಿಸಿದೆ. "ಇಷ್ಟಕ್ಕ ಗಿರಣಿ ನಿಂದರಿಸಿದ್ರೇನು!" ಎಂದು ಬಾಯಿಗೆ ಸೆರಗು ಹಚ್ಚಿ ನಗುತ್ತ ಹೋದಳು. ಅವಳ ಜೋಳ ಕಲ್ಲಿಗೆ ಬಿತ್ತು, ನಮ್ಮ ದೀಪ ಬಾಡಿತು, ನನಗೆ ಆ ಸಪ್ಪಳ ಅವತ್ತು ಭಾಳ ಛಲೋ ಅನಿಸಿತು.

ಮಧ್ಯಾಹ್ನವೆಲ್ಲ ಬರೆದೆ. ಲ್ಯಾಪ್‌ಟಾಪ್ ಕಾದಾಗ ಫ್ಯಾನು ತಾನೇ ತಿರುಗಿತು, ಒಮ್ಮೆಯೂ ಆರಲಿಲ್ಲ. ಓಣಿಯಲ್ಲಿ ಸುದ್ದಿ ಕೇಳಿಕೊಂಡು ಬಂದ ನಮ್ಮ ಮನೆಯವರು, "ಹೊಸಾದರಂಗ ಆಗೇತಂತಲ್ಲ, ಸರಿ ನೋಡೂಣು" ಎಂದು ಕೂತೇ ಬಿಟ್ಟರು. ಇನ್ನು ಇದೂ ಎಲ್ಲರದಾಯಿತು ಅಂದುಕೊಂಡೆ. ಗುಂಡಿ ಒತ್ತಿದರು, ಕಾದರು, ಬೆರಳು ನೆಟಿಗೆ ತೆಗೆದರು, ಗಡಿಯಾರ ನೋಡಿದರು, ಆಕಳಿಸಿ ಎದ್ದರು.

"ಏನೂ ಸುಧಾರಿಸಿಲ್ಲ ಇದು. ನೀನ ಇಟ್ಕೋ."

ನನಗೆ ಯಾರಾದರೂ ಇಷ್ಟು ಒಳ್ಳೆಯ ಮಾತು ಆಡಿ ಭಾಳ ದಿನವಾಗಿತ್ತು.