ಅಮ್ಮನ ಕೈಯ ಸುತ್ತಿಗೆ

ಯಲ್ದೂರಿನ ನಮ್ಮ ಕುಲುಮೆಯಲ್ಲಿ ಅಪ್ಪ ಕೂತು ಇಕ್ಕಳ ಹಿಡಿದರೆ, ಎದುರಿಗೆ ನಿಂತು ಸಮ್ಮಟಿಗೆ ಎತ್ತುತ್ತಿದ್ದವಳು ಅಮ್ಮ. ಅಪ್ಪನ ಕೈಸುತ್ತಿಗೆ ಎಲ್ಲಿ ಕುಟ್ಟಿ ತೋರಿಸುತ್ತದೋ ಅಲ್ಲಿಗೇ ಅವಳ ದೊಡ್ಡ ಏಟು ಬೀಳಬೇಕು. ನಾನು ಹುಟ್ಟುವ ಮುಂಚಿನಿಂದ ನಡೆದುಕೊಂಡು ಬಂದ ಕೆಲಸ ಇದು. ಸುತ್ತಲಿನ ಮಾವಿನ ತೋಪುಗಳಲ್ಲಿ ಕೊಂಬೆ ಸವರುವ ಮಚ್ಚುಗಳ ಹಿಂದೆ ಅರ್ಧ ರಟ್ಟೆಬಲ ಅವಳದು. ಊರಿಗೆ ಮಾತ್ರ ಅವು ಆಚಾರ್ರ ಮಚ್ಚು. ಅಮ್ಮ ಬಂದವರಿಗೆ ನೀರು ಕೊಡುವ ಆಚಾರಮ್ಮ.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಶ್ರೀನಿವಾಸಪುರದಿಂದ ಕೋಲಾರಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಓದಿದೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅಪ್ಪ ದುಡಿದು ಓದಿಸಿದ ಎಂದು ಯಾರಾದರೂ ಅಂದರೆ ಅಲ್ಲೇ ತಿದ್ದುತ್ತೇನೆ: ದುಡಿದವರು ಇಬ್ಬರು.

ಹೋದ ವರ್ಷ ಅಪ್ಪನ ಕಣ್ಣಿಗೆ ಆಪರೇಷನ್ ಆಯಿತು. ಇನ್ನು ಬೆಂಕಿಯ ಮುಂದೆ ಕೂರಬೇಡಿ ಎಂದರು ಡಾಕ್ಟರು. ಅಮ್ಮ ಯಾರನ್ನೂ ಕೇಳದೆ ಅಪ್ಪನ ಜಾಗದಲ್ಲಿ ಕೂತಳು. ಆದರೆ ಅಪ್ಪನ ಕೈಸುತ್ತಿಗೆ ಅವಳಿಗೆ ಒಗ್ಗಲಿಲ್ಲ. ಭಾರ ಹೆಚ್ಚು, ಹಿಡಿ ಉದ್ದ. ಏಟು ಓರೆಯಾಗಿ ಬಿದ್ದು ಅಲಗಿನ ಮೇಲೆ ಕಚ್ಚು ಮೂಡುತ್ತಿತ್ತು.

"ನಿಮ್ಮಪ್ಪನ ಚಪ್ಪಲಿ ಹಾಕ್ಕೊಂಡು ನಡ್ದಂಗೈತೆ ಕಣೇ. ನಂದು ನಾನೇ ಮಾಡ್ಕೋತೀನಿ," ಎಂದಳು.

ಮಾಲೂರಿನಲ್ಲಿನ ನನ್ನ ಕೆಲಸಕ್ಕೆ ರಜಾ ಹಾಕಿ ಬಂದು ನಾನು ಸಮ್ಮಟಿಗೆ ಎತ್ತಿದೆ. ಹಳೇ ಲಾರಿ ಆಕ್ಸಲ್ಲಿನ ತುಂಡನ್ನು ಕೆಂಪಗೆ ಕಾಯಿಸಿ, ಹಿಡಿ ತೂರುವ ಕಣ್ಣನ್ನು ಬಿಸಿಯಲ್ಲೇ ತೂತು ಹೊಡೆದೆವು. ಸುತ್ತಿಗೆಯ ಮೂತಿಯನ್ನು ಅವಳು ಚಪ್ಪಟೆ ಬಿಡಲಿಲ್ಲ. ಒಂದಿಷ್ಟು ಉಬ್ಬಿಸಿ, ಕಾದ ಅಲಗಿಗೆ ಗಾಯವಾಗದಂತೆ ಅಂಚುಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದಳು. ಹುಣಸೆ ಮರದ ಹಿಡಿಯನ್ನು ತನ್ನ ಮುಷ್ಟಿಗೆ ಸರಿಯಾಗಿ ಕೆತ್ತಿಕೊಂಡಳು. ಅಪ್ಪ ಜಗಲಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಸದ್ದು ಕೇಳುತ್ತ, "ಡಿಗ್ರಿ ಏಟು ಬೀಳ್ತೈತೆ. ಕಬ್ಬಿಣಕ್ಕೆ ನಿದ್ದೆ ಬಂದೀತು," ಎಂದು ನಗುತ್ತಿದ್ದ.

ಮಾವಿನ ಕೊಯ್ಲು ಮುಗಿದು ಕೊಂಬೆ ಸವರುವ ಕಾಲ ಬಂತು. ಒಂದು ಭಾನುವಾರ ನಾನು ಊರಿಗೆ ಬಂದಿದ್ದಾಗ ಹಳೇ ಗಿರಾಕಿಯೊಬ್ಬರು, ತೋಪಿನ ಯಜಮಾನರು, ಸವೆದ ಮಚ್ಚುಗಳನ್ನು ಚೀಲದಲ್ಲಿ ತಂದರು.

"ಆಚಾರ್ರು ಕುಲುಮೆಗೆ ಇಳ್ದಿಲ್ವೇನಮ್ಮ ಇನ್ನೂ?"

"ಅವ್ರು ಬೆಂಕಿ ಹತ್ರ ಬರಂಗಿಲ್ಲಣ್ಣ. ಇಡಿ, ನಾನು ತಟ್ಟಿಕೊಡ್ತೀನಿ," ಎಂದಳು ಅಮ್ಮ.

"ನೀನಾ? ಈಳಿಗೆಮಣೆ ಆಗಿದ್ರೆ ಕೊಡ್ತಿದ್ದೆ ಬಿಡಮ್ಮ."

ನನಗೆ ತಡೆಯಲಾಗಲಿಲ್ಲ. "ಇಷ್ಟು ವರ್ಷ ನಿಮ್ ಮಚ್ಚಿಗೆ ಏಟು ಹಾಕಿದ್ದು ಯಾರು ಅಂದ್ಕೊಂಡಿದ್ದೀರಿ?" ಎಂದೆ.

"ಓದಿರೋಳು, ಮಾತಿಗೇನು ಕಮ್ಮಿ," ಎಂದು ಅವರು ನಕ್ಕರು.

"ಊರ್ಕೋಮ್ಮಾ," ಎಂದು ಅಪ್ಪ ಜಗಲಿಯಿಂದಲೇ ತೆಲುಗಿನಲ್ಲಿ ನನ್ನ ಬಾಯಿ ಮುಚ್ಚಿಸಿದ. ಅವರತ್ತ ತಿರುಗಿ, "ಬಿಟ್ಟೋಗಣ್ಣ, ನಾನೇ ನಿಧಾನಕ್ಕೆ ಮಾಡಿಡ್ತೀನಿ," ಎಂದ.

ಮಾಡಿದ್ದು ಅಮ್ಮ. ಅಷ್ಟೂ ಮಚ್ಚುಗಳನ್ನು ತನ್ನ ಸುತ್ತಿಗೆಯಲ್ಲಿ ತಟ್ಟಿ, ನೀರಿಗೆ ಅದ್ದಿ ಹದ ಹಾಕಿಟ್ಟಳು. ಮುಂದಿನ ಭಾನುವಾರ ಯಜಮಾನರು ಬಂದು ಒಂದರ ಅಲಗಿನ ಮೇಲೆ ಹೆಬ್ಬೆರಳು ಸವರಿ, "ಆಚಾರ್ರ ಕೈ ಅಂದ್ರೆ ಕೈ," ಎಂದರು. ಅಪ್ಪ ಹೌದೆಂಬಂತೆ ತಲೆಯಾಡಿಸಿದ. ನನ್ನ ಮೈ ಉರಿದುಹೋಯಿತು. ಹೊರಗಿನವರು ಅಂದಿದ್ದನ್ನಾದರೂ ತಡೆದುಕೊಳ್ಳಬಹುದಿತ್ತು.

ಅಮ್ಮ ಕುಲುಮೆಯಿಂದ ಹೊರಗೆ ಬಂದಳು. "ಅವು ನಾನ್ ಮಾಡಿದ್ದಣ್ಣ. ಇವ್ರು ಜಗಲಿ ಬಿಟ್ಟು ಎದ್ದಿಲ್ಲ."

ಯಜಮಾನರು ಮಚ್ಚನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. "ಆಗ್ಲಿ ಬಿಡಮ್ಮ, ಚೆನ್ನಾಗೇ ಅವೆ. ಉಳಿದವನ್ನೂ ತರ್ತೀನಿ. ಆದ್ರೆ ನಾಲ್ಕು ಜನದ ಹತ್ರ ಹೇಳ್ಕೋಬೇಡಿ. ಹೆಂಗಸು ಮಾಡಿದ್ದು ಅಂದ್ರೆ ಬರೋರೂ ಬರಲ್ಲ."

ಉಪಕಾರ ಮಾಡುತ್ತಿದ್ದೇನೆ ಎಂಬ ಧಾಟಿ ಅವರದು.

"ಮುಚ್ಚಿಟ್ಕೊಂಡು ಮಾಡೋದಾದ್ರೆ ತರಬೇಡಿ," ಎಂದಳು ಅಮ್ಮ.

ಅವರು ತರಲೂ ಇಲ್ಲ. ಶ್ರೀನಿವಾಸಪುರದ ಅಂಗಡಿಯಲ್ಲಿ ಫ್ಯಾಕ್ಟರಿ ಮಚ್ಚು ಕೊಂಡರಂತೆ. ಯಾವುದೋ ಊರಿನ ಮಿಷನ್ನು ಬಡಿದದ್ದಾದರೆ ಇವರಿಗೆ ಆಗುತ್ತದೆ. ಇಪ್ಪತ್ತು ಮೂವತ್ತು ವರ್ಷ ಇವರ ತೋಪಿನ ಮಚ್ಚು ಬಡಿದ ಹೆಂಗಸು ಅದನ್ನು ಬಾಯಿ ಬಿಟ್ಟು ಹೇಳಿದರೆ ಆಗುವುದಿಲ್ಲ.

ಅಪ್ಪ ಕೆಲವು ದಿನ ಮುಖ ಊದಿಸಿಕೊಂಡಿದ್ದ. "ಬಾಯಿ ಮುಚ್ಕೊಂಡಿದ್ರೆ ಗಿರಾಕಿ ಉಳೀತಿದ್ದ," ಎಂದರೆ ಅಮ್ಮ, "ನಾನು ಉಳೀತಿರ್ಲಿಲ್ಲ," ಎಂದಳು.

ಮೊನ್ನೆ ಮುಳಬಾಗಿಲು ಕಡೆಯವನೊಬ್ಬ ಬೈಕಿನಲ್ಲಿ ಮಚ್ಚುಗಳ ಚೀಲ ಕಟ್ಟಿಕೊಂಡು ಬಂದ. ನಾನು ಜಗಲಿಯಲ್ಲೇ ಇದ್ದೆ. ಬಾಯಿ ತೆರೆಯುವಷ್ಟರಲ್ಲಿ ಅಪ್ಪನೇ ಹೇಳಿದ: "ಕೆಲ್ಸ ನನ್ ಹೆಂಡ್ತೀದು. ಒಪ್ಪಿದ್ರೆ ಚೀಲ ಇಳ್ಸು."

ಆ ಮನುಷ್ಯ ಒಳಗೆ ಇಣುಕಿ ನೋಡಿ, ಏನೋ ಗೊಣಗಿ, ಬೈಕು ತಿರುಗಿಸಿದ. ಅಪ್ಪ ಅವನನ್ನು ಕರೆಯಲಿಲ್ಲ.